ಆ 41 ಗಂಟೆ: ಉಗಾಂಡದ ಹಳ್ಳಿಯಲ್ಲಿ ಮಗಳಿಗೆ ಮಲೇರಿಯಾ ಬಂದಾಗ

ಮಗಳು ನನ್ನ ಪಕ್ಕದಲ್ಲೇ ಸೊಳ್ಳೆ ಪರದೆಯೊಳಗೆ ಮಲಗಿದ್ದಾಳೆ. ಅವಳ ಕೊನೆಯ ರಕ್ತ ಪರೀಕ್ಷೆ ನಿನ್ನೆ ಮುಗಿಯಿತು. ಹಿಮೋಗ್ಲೋಬಿನ್ 10.4 ಬಂದಿದೆ. ಐದು ವಾರದ ಹಿಂದೆ ಅದು 6.4 ಇತ್ತು. "ಇನ್ನು ಈ ಕಾಯಿಲೆಗೆ ಬರೋದು ಬೇಡ" ಎಂದು ನರ್ಸ್ ಅವಳ ಕೆನ್ನೆ ಹಿಂಡಿ ಕಳಿಸಿದರು. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಆಫ್ರಿಕಾದ ಹಳ್ಳಿ ಕಡೆ ಕೆಲಸಕ್ಕೆ ಬರುವ ನಮ್ಮವರು ಬಹಳ ಮಂದಿ ಇದ್ದಾರೆ. ನಾವು ಮಾಡಿದ ತಪ್ಪನ್ನು ಅವರು ಮಾಡಬಾರದು.

ನಮ್ಮೆಜಮಾನರು ಮಂಡ್ಯದವರು. ಕಬ್ಬಿನ ಬೇಸಾಯದ ಕೆಲಸದ ಮೇಲೆ ಉಗಾಂಡದ ಪೂರ್ವಕ್ಕಿರುವ ಬುಸೋಗ ಸೀಮೆಗೆ ಬಂದೆವು. ಜಿಂಜಾ ಪಟ್ಟಣದಿಂದ ಸಾಕಷ್ಟು ಒಳಗೆ ಇರುವ ಹಳ್ಳಿ. ಸುತ್ತ ಕಣ್ಣು ಹಾಯಿಸಿದಷ್ಟೂ ಕಬ್ಬು, ಕೆಮ್ಮಣ್ಣಿನ ರಸ್ತೆ, ಬಾಳೆ ತೋಟ. ನೋಡಿದರೆ ಮಂಡ್ಯಕ್ಕೇ ಬಂದ ಹಾಗೆ ಇದೆ. ನನ್ನ ತವರು ಮಂಗಳೂರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ. ನನಗೆ ಕಾಲೇಜಿನಲ್ಲಿದ್ದಾಗ ಬಂದಿತ್ತು, ಅಣ್ಣನಿಗೆ ಎರಡು ಸಲ ಬಂದಿತ್ತು. ಚಳಿ, ನಡುಕ, ಮೂರು ದಿನ ಕ್ಲೋರೋಕ್ವಿನ್, ಆಮೇಲೆ 14 ದಿನ ಪ್ರೈಮಾಕ್ವಿನ್. ಗಂಜಿ ಕುಡಿದು ಮಲಗಿದರೆ ವಾರದಲ್ಲಿ ಏಳುತ್ತಿದ್ದೆವು. ಮಲೇರಿಯಾ ಅಂದರೆ ನನಗೆ ಗೊತ್ತು ಅಂದುಕೊಂಡಿದ್ದೆ. ಆ ಧೈರ್ಯವೇ ನನ್ನ ಮಗಳ ಜೀವಕ್ಕೆ ಕುತ್ತಾಗುವುದರಲ್ಲಿತ್ತು.

ಮಲೇರಿಯಾ ತರುವ ಪರೋಪಜೀವಿಯಲ್ಲಿ, ಅಂದರೆ ರಕ್ತದೊಳಗೆ ಸೇರಿ ಬೆಳೆಯುವ ಸೂಕ್ಷ್ಮ ಜೀವಿಯಲ್ಲಿ, ಬೇರೆ ಬೇರೆ ಜಾತಿ ಇವೆ. ಮಂಗಳೂರಿನಲ್ಲಿ ನಾವು ಕಂಡದ್ದು ಹೆಚ್ಚಾಗಿ ವೈವಾಕ್ಸ್. ಇಲ್ಲಿ ಇರುವುದು ಬಹುತೇಕ ಫಾಲ್ಸಿಪ್ಯಾರಮ್. ಹೆಸರು ಒಂದೇ, ಆದರೆ ಇವೆರಡನ್ನು ಒಂದೇ ಕಾಯಿಲೆ ಅಂತ ನಾನು ಇನ್ನು ಯಾವತ್ತೂ ಹೇಳುವುದಿಲ್ಲ. ಇದು ಮಗುವಿನ ರಕ್ತದಲ್ಲಿ ಬೇಗ ಬೇಗ ಹೆಚ್ಚುತ್ತದೆ. ಪರೋಪಜೀವಿ ಹೊಕ್ಕ ರಕ್ತಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಮಿದುಳಿನ ನಾಳಗಳಲ್ಲೂ ಹಾಗೆ ಆಗುತ್ತದೆ. ಇಲ್ಲಿಯ ದೊಡ್ಡವರಿಗೆ ಚಿಕ್ಕಂದಿನಿಂದ ಎಷ್ಟೋ ಸಲ ಬಂದು ದೇಹ ಸ್ವಲ್ಪ ಪಳಗಿರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಆ ರಕ್ಷಣೆ ಇಲ್ಲ. ಹೊರಗಿನಿಂದ ಬಂದ ನಮಗೂ ಇಲ್ಲ. ನನ್ನ ಮಗಳು ಎರಡು ಲೆಕ್ಕದಲ್ಲೂ ಸೇರಿದವಳು.

ಜೂನ್ ತಿಂಗಳ ಒಂದು ಭಾನುವಾರ ಸಂಜೆ 5 ಗಂಟೆಗೆ ಮೈ ಬಿಸಿ ಅನ್ನಿಸಿತು. ಥರ್ಮಾಮೀಟರ್‌ನಲ್ಲಿ 101. ಅವಳಿಗೆ ಆಗ 2 ವರ್ಷ 4 ತಿಂಗಳು, ತೂಕ 11 ಕೆ.ಜಿ. ಪ್ಯಾರಾಸಿಟಮಾಲ್ ಸಿರಪ್ ಹಾಕಿದೆ. ಒಂದು ಗಂಟೆಯಲ್ಲಿ ಜ್ವರ ಇಳಿಯಿತು, ಎದ್ದು ಆಟ ಆಡಿದಳು. ವಿಡಿಯೋ ಕಾಲ್‌ನಲ್ಲಿ ಅತ್ತೆ ನೋಡಿ, "ದವಡೆ ಹಲ್ಲು ಬರ್ತಿರಬೇಕು ಕಣಮ್ಮ, ದೃಷ್ಟಿ ತೆಗಿ" ಅಂದರು. ತೆಗೆದೆ. ರಾತ್ರಿ ಮತ್ತೆ 102. ಮತ್ತೆ ಸಿರಪ್. ಸೋಮವಾರ ಬೆಳಿಗ್ಗೆ ಮತ್ತೆ ಚೆನ್ನಾಗಿದ್ದಳು. ಮೂಗು ಸ್ವಲ್ಪ ಸೋರುತ್ತಿತ್ತು. ಶೀತ ಅಂದುಕೊಂಡೆ.

ನಮ್ಮ ಮನೆ ಕೆಲಸಕ್ಕೆ ಬರುವ ಆಕೆ ನಾಲ್ಕು ಮಕ್ಕಳ ತಾಯಿ. ಇಲ್ಲಿ ತಾಯಂದಿರನ್ನು ಮಗುವಿನ ಹೆಸರಿಗೆ ಮೊದಲು "ಮಾಮಾ" ಸೇರಿಸಿ ಕರೆಯುತ್ತಾರೆ. ನನ್ನನ್ನೂ ಹಾಗೇ "ಮಾಮಾ ಪುಟ್ಟಿ" ಅಂತ ಕರೆಯುತ್ತಾಳೆ. ಸೋಮವಾರ ಬಂದವಳೇ ಮಗುವಿನ ಹೊಟ್ಟೆ ಮೇಲೆ ಕೈಯಿಟ್ಟು, "ಮಾಮಾ ಪುಟ್ಟಿ, ಒಮುಸುಜ್ಜಾ" ಅಂದಳು. ಲುಗಾಂಡ ಮಾತಿನಲ್ಲಿ ಜ್ವರಕ್ಕೂ ಮಲೇರಿಯಾಕ್ಕೂ ಇದೇ ಪದ ಬಳಸುತ್ತಾರೆ. ಪರೀಕ್ಷೆ ಮಾಡಿಸೋಣ, ಈಗಲೇ ಹೋಗೋಣ ಅಂದಳು. ನಾನು ಸಂಜೆವರೆಗೆ ನೋಡೋಣ ಅಂದೆ. ನನಗಿಂತ ಅವಳಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತಿತ್ತು. ಅವಳ ಮಾತು ಕೇಳಬೇಕಿತ್ತು. ಈಗಲೂ ಇದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಸಂಜೆ 103 ಆಯಿತು. ಆರೋಗ್ಯ ಕೇಂದ್ರದಲ್ಲಿ ಹೊರರೋಗಿಗಳನ್ನು ನೋಡುವ ಹೊತ್ತು ಮುಗಿದಿತ್ತು. ರಸ್ತೆ ಬದಿಯ ಒಂದು ಔಷಧಿ ಅಂಗಡಿಗೆ ಹೋದೆವು. ಅಲ್ಲಿದ್ದವನು ಮಗುವನ್ನು ನೋಡಿ, ಪರೀಕ್ಷೆಯ ಕಿಟ್ ಮುಗಿದಿದೆ, ಗಂಟಲು ಸೋಂಕು ಇರಬೇಕು ಎಂದು ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟ. ಔಷಧಿ ಕೈಗೆ ಬಂತಲ್ಲ ಅಂತ ನಮಗೆ ಸಮಾಧಾನ. ಆ ಸಮಾಧಾನಕ್ಕೆ ಇನ್ನೊಂದು ರಾತ್ರಿ ಹೋಯಿತು.

ಇದನ್ನು ಓದುತ್ತಿರುವ ತಾಯಂದಿರೇ, ಈ ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಇಲ್ಲಿ ಮಗುವಿಗೆ ಜ್ವರ ಬಂದರೆ ಕಾಯಬೇಡಿ. ಅದೇ ದಿನ ಬೆರಳಿನ ರಕ್ತ ಪರೀಕ್ಷೆ ಆಗಬೇಕು. ಮೂಗು ಸೋರುತ್ತಿರಲಿ, ಹಲ್ಲು ಬರುತ್ತಿರಲಿ, ಸಿರಪ್ ಹಾಕಿದ ಮೇಲೆ ಆಡುತ್ತಿರಲಿ, ಪರೀಕ್ಷೆ ಮಾಡಿಸಿ. ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ ಅಷ್ಟೇ, ಒಳಗೆ ಪರೋಪಜೀವಿ ಹೆಚ್ಚುತ್ತಲೇ ಇರುತ್ತದೆ. ಜ್ವರ ಶುರುವಾಗಿ 24 ಗಂಟೆಯೊಳಗೆ ಔಷಧಿ ಬೀಳಬೇಕು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನಾವು ಪರೀಕ್ಷೆಗೆ ಹೋದದ್ದು ಮಂಗಳವಾರ ಬೆಳಿಗ್ಗೆ 10 ಗಂಟೆಗೆ. ಲೆಕ್ಕ ಹಾಕಿದರೆ 41 ಗಂಟೆ.

ಸರ್ಕಾರಿ ಆರೋಗ್ಯ ಕೇಂದ್ರ ನಮ್ಮ ಮನೆಯಿಂದ 4 ಕಿ.ಮೀ. ಇಲ್ಲಿ ಆರೋಗ್ಯ ಕೇಂದ್ರಗಳಿಗೆ 2, 3, 4 ಅಂತ ದರ್ಜೆ ಇದೆ. ನಮ್ಮದು ಮೂರನೇ ದರ್ಜೆಯದು. ಡಾಕ್ಟರ್ ಇರುವುದಿಲ್ಲ. ಕ್ಲಿನಿಕಲ್ ಆಫೀಸರ್ (ಡಾಕ್ಟರ್ ಅಲ್ಲ, ಆದರೆ ರೋಗಿಗಳನ್ನು ನೋಡಲು ತರಬೇತಿ ಪಡೆದವರು), ನರ್ಸ್ ಮತ್ತು ಒಂದು ಸಣ್ಣ ಲ್ಯಾಬ್ ಇರುತ್ತದೆ. ದುಡ್ಡು ಕೊಡಬೇಕಿಲ್ಲ. ಮಾವಿನ ಮರದ ಕೆಳಗೆ ಬೆಂಚಿನ ಮೇಲೆ ನಲವತ್ತು ತಾಯಂದಿರಾದರೂ ಇದ್ದರು. ಎಲ್ಲರ ಕೈಯಲ್ಲೂ ಒಂದೊಂದು ಶಾಲೆಯ ನೋಟ್ ಪುಸ್ತಕ. ಅದು ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಇಲ್ಲಿ ರೋಗಿಯ ದಾಖಲೆ ಅಂದರೆ ಅದೇ. ರೋಗಿಯನ್ನು ನೋಡಿದವರು ಬರೆಯುವುದು, ಲ್ಯಾಬ್‌ನವರು ಬರೆಯುವುದು, ಔಷಧಿ ಕೊಡುವವರು ಬರೆಯುವುದು ಎಲ್ಲಾ ಆ ಪುಸ್ತಕದಲ್ಲೇ. ಪುಸ್ತಕ ಇಲ್ಲದ ನಾವು ಸಾಲಿನಿಂದ ಎದ್ದು, ಎದುರಿನ ಅಂಗಡಿಗೆ ಓಡಿ, ಒಂದು ಕೊಂಡು ತಂದು, ಮತ್ತೆ ಸಾಲಿನ ಕೊನೆಗೆ ನಿಂತೆವು. ಮನೆಯಲ್ಲಿ ಪ್ರತಿ ಮಗುವಿಗೂ ಒಂದು ನೋಟ್ ಪುಸ್ತಕ ಇವತ್ತೇ ತಂದಿಡಿ. ಮೊದಲ ಪುಟದಲ್ಲಿ ಹುಟ್ಟಿದ ದಿನ, ತೂಕ, ರಕ್ತದ ಗುಂಪು, ಹಾಕಿಸಿದ ಲಸಿಕೆ, ಒಗ್ಗದ ಔಷಧಿ ಬರೆದಿಡಿ. ಭಾರತದ ಲಸಿಕೆ ಕಾರ್ಡಿನ ಜೆರಾಕ್ಸ್ ಹಿಂದಿನ ಪುಟಕ್ಕೆ ಅಂಟಿಸಿ.

ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರು. ಹದಿನೈದು ಇಪ್ಪತ್ತು ನಿಮಿಷಕ್ಕೆ ಆ ಸಣ್ಣ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು. ಮಲೇರಿಯಾ.

ಕೊಟ್ಟ ಔಷಧಿಯನ್ನು ಇಲ್ಲಿಯ ಜನ ಕೋಆರ್ಟೆಮ್ ಅನ್ನುತ್ತಾರೆ. ಆರ್ಟಿಮೀಥರ್ ಮತ್ತು ಲ್ಯುಮೆಫ್ಯಾಂಟ್ರಿನ್ ಸೇರಿದ ಮಾತ್ರೆ. ಮಕ್ಕಳಿಗಾಗಿ ನೀರಿನಲ್ಲಿ ಕರಗುವ, ಚೆರ್ರಿ ರುಚಿಯ ಮಾತ್ರೆ 2009ರಿಂದ ಇದೆ. 5ರಿಂದ 15 ಕೆ.ಜಿ. ತೂಕದೊಳಗಿನ ಮಗುವಿಗೆ ಸಲಕ್ಕೆ ಒಂದು ಮಾತ್ರೆ, ದಿನಕ್ಕೆ ಎರಡು ಸಲ, ಮೂರು ದಿನ. ಎರಡನೇ ಮಾತ್ರೆ ಮೊದಲನೆಯದಾದ 8 ಗಂಟೆಗೆ ಬೀಳಬೇಕು. ಬರೀ ಹೊಟ್ಟೆಗೆ ಕೊಡಬಾರದು, ಹಾಲು ಅಥವಾ ಕೊಬ್ಬಿನ ಅಂಶ ಇರುವ ಏನಾದರೂ ಜೊತೆಗೆ ಹೋಗಬೇಕು. ಇಲ್ಲದಿದ್ದರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲವಂತೆ. ಅರ್ಧ ಗಂಟೆಯೊಳಗೆ ವಾಂತಿ ಮಾಡಿದರೆ ಅದೇ ಮಾತ್ರೆ ಮತ್ತೆ ಕೊಡಬೇಕು. ನರ್ಸ್ ಇದನ್ನೆಲ್ಲಾ ನಿಧಾನವಾಗಿ ಹೇಳಿ, ಮೊದಲ ಮಾತ್ರೆಯನ್ನು ತಾವೇ ಕುಡಿಸಿದರು. 15 ನಿಮಿಷಕ್ಕೆ ವಾಂತಿ. ಮತ್ತೊಂದು ಕೊಟ್ಟರು, ನಿಂತಿತು. ಆಮೇಲೆ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ನಾಲ್ಕು ಮಾತು ಬರೆದರು. ಕುಡಿಯಲು ಆಗದಿದ್ದರೆ. ಕುಡಿದದ್ದೆಲ್ಲಾ ವಾಂತಿಯಾದರೆ. ಫಿಟ್ಸ್ ಬಂದರೆ. ಎಬ್ಬಿಸಿದರೂ ಏಳದಿದ್ದರೆ. ಈ ನಾಲ್ಕರಲ್ಲಿ ಒಂದು ಕಂಡರೂ ರಾತ್ರಿ ಎಷ್ಟು ಹೊತ್ತಾದರೂ ಸರಿ, ಬನ್ನಿ ಅಂದರು.

ರಾತ್ರಿ 7ಕ್ಕೆ ಎರಡನೇ ಮಾತ್ರೆ. ವಾಂತಿ. ಇನ್ನೊಂದು ಕೊಟ್ಟೆ. ಮತ್ತೆ ವಾಂತಿ. ಹಾಲು ಕೊಟ್ಟೆ, ಅದೂ ಹೊರಗೆ. 8 ಗಂಟೆಗೆ ಆ ಪುಸ್ತಕ ತೆರೆದು ಎರಡನೇ ಸಾಲು ಓದಿದೆ. ಓದಿಯೂ ಇನ್ನೊಂದು ಗಂಟೆ ನೋಡೋಣ ಅಂದೆ. ಕತ್ತಲು, ಮಳೆ ಬೇರೆ ಹಿಡಿದಿತ್ತು. ಮಗು ಸುಸ್ತಾಗಿ ನಿದ್ದೆ ಹೋಗಿದೆ ಅಂದುಕೊಂಡಿದ್ದೆ. ಅದು ನಿದ್ದೆ ಆಗಿರಲಿಲ್ಲ.

9 ಗಂಟೆ 10 ನಿಮಿಷಕ್ಕೆ ಅವಳ ಕಣ್ಣು ಮೇಲಕ್ಕೆ ಹೋಯಿತು. ಕೈ ಕಾಲು ಸೆಟೆದು ಜರ್ರನೆ ಅಲುಗಲು ಶುರುವಾಯಿತು. ಅತ್ತೆ ಫೋನಿನಲ್ಲಿದ್ದರು. "ಕೈಗೆ ಕಬ್ಬಿಣ ಕೊಡು, ಬೀಗದ ಕೈ ಕೊಡು" ಅಂತ ಅಳುತ್ತಾ ಕೂಗುತ್ತಿದ್ದರು. ನಾನು ಕೊಟ್ಟೆ ಕೂಡ, ಸುಳ್ಳು ಯಾಕೆ ಹೇಳಲಿ. ಅದರಿಂದ ಏನೂ ಆಗುವುದಿಲ್ಲ. ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ನೀರು, ಚಮಚ, ಬೆರಳು ಏನೂ ಹಾಕಬಾರದು, ಗಡಿಯಾರ ನೋಡಿಕೊಳ್ಳಬೇಕು. ಇವಳದ್ದು ಮೂರು ನಿಮಿಷ. ನನಗೆ ಅದು ಇಡೀ ರಾತ್ರಿ ಅನ್ನಿಸಿತು.

ಆರೋಗ್ಯ ಕೇಂದ್ರದಲ್ಲಿ ರಾತ್ರಿ ಪಾಳಿಗೆ ಒಬ್ಬರೇ ನರ್ಸ್. ಕರೆಂಟ್ ಇಲ್ಲ. ಮೊಬೈಲ್ ಟಾರ್ಚ್ ಹಿಡಿದು ಮಗುವನ್ನು ನೋಡಿದ ಕೂಡಲೇ, "ಇದು ನಮ್ಮ ಕೈ ಮೀರಿದ್ದು, ದೊಡ್ಡ ಆಸ್ಪತ್ರೆಗೆ ಹೋಗಬೇಕು, ಆದರೆ ಇದನ್ನು ಹಾಕದೆ ಕಳಿಸಲ್ಲ" ಅಂದರು. ಆರ್ಟಿಸುನೇಟ್ ಅನ್ನುವ ಮಲೇರಿಯಾ ಔಷಧಿಯ ಗುಳಿಗೆ, ಗುದದ್ವಾರದ ಮೂಲಕ ಇಡುವುದು. ಬಾಯಲ್ಲಿ ಔಷಧಿ ನಿಲ್ಲದ ಚಿಕ್ಕ ಮಕ್ಕಳಿಗೆ ಆಸ್ಪತ್ರೆ ದೂರ ಇದ್ದಾಗ ದಾರಿಗೆ ಅಂತ ಕೊಡುವುದು ಇದು. 100 ಮಿ.ಗ್ರಾಂ.ನ ಒಂದು ಗುಳಿಗೆ ಇಟ್ಟು, ಅದು ಹೊರಗೆ ಬರದ ಹಾಗೆ ಹತ್ತು ನಿಮಿಷ ಎರಡೂ ಕುಂಡೆಯನ್ನು ಒತ್ತಿ ಹಿಡಿದುಕೊಂಡಿರಲು ನನಗೆ ಹೇಳಿದರು. ಇನ್ನೊಂದು ಕಡೆ ಒಂದು ಚಮಚ ಸಕ್ಕರೆಗೆ ಎರಡು ಹನಿ ನೀರು ಹಾಕಿ, ನಾಲಿಗೆಯ ಅಡಿಗೆ ಸವರಿದರು. ಕೈ ನಡುಗದೆ, ಒಬ್ಬರೇ, ಆ ಕತ್ತಲಲ್ಲಿ. ಆ ನರ್ಸಮ್ಮನನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಈ ಗುಳಿಗೆ ಪೂರ್ತಿ ಚಿಕಿತ್ಸೆ ಅಲ್ಲ, ಇದರಿಂದ ಮಗು ಚೇತರಿಸಿಕೊಂಡರೂ ನಿಲ್ಲದೆ ಆಸ್ಪತ್ರೆಗೆ ಹೋಗಲೇಬೇಕು ಅಂತ ಮೂರು ಸಲ ಹೇಳಿದರು. ನೋಟ್ ಪುಸ್ತಕದಲ್ಲೇ ಗುಳಿಗೆ ಇಟ್ಟ ಸಮಯ ಬರೆದು ಸೀಲ್ ಹಾಕಿ ಕೊಟ್ಟರು.

46 ಕಿ.ಮೀ. ದಾರಿ. ಮಳೆಗೆ ಕೆಮ್ಮಣ್ಣು ಸಾಬೂನಿನ ಹಾಗೆ ಜಾರುತ್ತಿತ್ತು. ಎದುರಿಗೆ ಕಬ್ಬಿನ ಲಾರಿಗಳು. ಒಂದೂವರೆ ಗಂಟೆ ಹಿಡಿಯಿತು. ನಮ್ಮ ಹತ್ತಿರ ಕಾರು ಇತ್ತು. ಅದೇ ದಾರಿಯಲ್ಲಿ ಒಬ್ಬ ತಂದೆ ಬೋಡಾ ಬೋಡಾದಲ್ಲಿ, ಅಂದರೆ ಬಾಡಿಗೆ ಬೈಕಿನಲ್ಲಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಮಗುವನ್ನು ತೊಡೆ ಮೇಲೆ ಇಟ್ಟುಕೊಂಡು ಹೋಗುತ್ತಿದ್ದ. ಆಮೇಲೆ ಗೊತ್ತಾಯಿತು, ಅವರೂ ಬಂದದ್ದು ಅದೇ ಆಸ್ಪತ್ರೆಗೆ.

ಅದು ಮಿಷನ್ ಆಸ್ಪತ್ರೆ. ಸೇರಿಸಿಕೊಳ್ಳುವ ಮೊದಲು 2,00,000 ಶಿಲ್ಲಿಂಗ್ ಠೇವಣಿ ಕಟ್ಟಿ ಅಂದರು. ಉಗಾಂಡದಲ್ಲಿ ಬಹಳ ಜನ ಮೊಬೈಲ್ ಮನಿ, ಅಂದರೆ ಫೋನಿನಲ್ಲೇ ಹಣ ಕೊಡುವ ವ್ಯವಸ್ಥೆ, ಬಳಸುತ್ತಾರೆ, ನಾವೂ ಹಾಗೇ. ಆ ರಾತ್ರಿ ನೆಟ್‌ವರ್ಕ್ ಇರಲಿಲ್ಲ. ಜೇಬಿನಲ್ಲಿ 60,000 ಇತ್ತು. ಇವರು ಕ್ಯಾಷಿಯರ್ ಜೊತೆ ಮಾತಾಡುತ್ತಿರುವಾಗಲೇ ಒಳಗಿನಿಂದ ಬಂದ ಡಾಕ್ಟರ್ ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು, ದುಡ್ಡಿನ ಮಾತು ಬೆಳಿಗ್ಗೆ ಆಗಲಿ ಅಂದರು. ಎಲ್ಲಾ ಕಡೆ ಹೀಗೆ ಆಗುತ್ತದೆ ಅಂತ ನಂಬಿಕೊಳ್ಳಬೇಡಿ. ಮನೆಯಲ್ಲಿ ಒಂದು ಲಕೋಟೆಯಲ್ಲಿ ಕನಿಷ್ಠ 3,00,000 ಶಿಲ್ಲಿಂಗ್ ನಗದು ಎತ್ತಿಡಿ. ಕಾರಿನಲ್ಲಿ ಅರ್ಧ ಟ್ಯಾಂಕ್‌ಗಿಂತ ಕಡಿಮೆ ಪೆಟ್ರೋಲ್ ಇರಬಾರದು. ಕಾರು ಇಲ್ಲದವರು ರಾತ್ರಿ ಬರುವ ಒಬ್ಬ ಡ್ರೈವರ್ ನಂಬರ್ ಗೋಡೆ ಮೇಲೆ ಬರೆದಿಡಿ.

ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ ನನಗೆ ಅರ್ಥವೇ ಆಗಲಿಲ್ಲ. "ಮೂತ್ರ ಕೋಕಾ ಕೋಲಾ ಬಣ್ಣ ಇತ್ತಾ?" ಉಗಾಂಡದ ಪೂರ್ವ ಭಾಗದಲ್ಲಿ ಮಲೇರಿಯಾ ಜೋರಾದ ಕೆಲವು ಮಕ್ಕಳಲ್ಲಿ ರಕ್ತಕಣ ಒಡೆದು ಮೂತ್ರ ಕಪ್ಪಾಗುತ್ತದಂತೆ. ಡೈಪರ್ ಹಾಕಿದ್ದರಿಂದ ನಾನು ನೋಡಿರಲಿಲ್ಲ. ಜ್ವರ ಇದ್ದಾಗ ಡೈಪರ್ ತೆಗೆದು, ಎಷ್ಟು ಸಲ ಮೂತ್ರ ಆಯಿತು, ಬಣ್ಣ ಏನು ಅಂತ ನೋಡಿಕೊಳ್ಳಿ. ನಮ್ಮ ಪುಣ್ಯಕ್ಕೆ ಇವಳದ್ದು ಹಳದಿಯೇ ಇತ್ತು. ಆದರೆ ರಕ್ತದ ಸಕ್ಕರೆ 38ಕ್ಕೆ ಇಳಿದಿತ್ತು. ಹಿಮೋಗ್ಲೋಬಿನ್ 6.4. ಕೂಡಲೇ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ದ್ರಾವಣ, ಚುಚ್ಚಿದರು. ಹತ್ತು ನಿಮಿಷಕ್ಕೆ ಮಗು ನರಳಿತು. ಸಂಜೆಯಿಂದ ಅವಳ ಗಂಟಲಿನಿಂದ ಬಂದ ಮೊದಲ ಶಬ್ದ ಅದು.

ಆಮೇಲೆ ಆರ್ಟಿಸುನೇಟ್ ಇಂಜೆಕ್ಷನ್. 20 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಕೆ.ಜಿ.ಗೆ 3 ಮಿ.ಗ್ರಾಂ. ಲೆಕ್ಕ. ಮೊದಲ ಸಲ ಸೇರಿಸಿಕೊಂಡಾಗ, ಅಲ್ಲಿಂದ 12 ಗಂಟೆ ಕಳೆದ ಮೇಲೆ, ಮತ್ತೆ ಮೊದಲನೆಯದರಿಂದ 24 ಗಂಟೆ ಆದಾಗ. ಪುಡಿ ಇರುವ ಸಣ್ಣ ಬಾಟಲಿ, ಅದನ್ನು ಆಗಲೇ ಕರಗಿಸಿ ಕೊಡುತ್ತಾರೆ. ಹಿಂದೆಲ್ಲಾ ಗಂಟೆಗಟ್ಟಲೆ ಕ್ವಿನೈನ್ ಡ್ರಿಪ್ ಹಾಕುತ್ತಿದ್ದರು. ಆಫ್ರಿಕಾದ 9 ದೇಶಗಳಲ್ಲಿ 5,425 ಮಕ್ಕಳ ಮೇಲೆ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2010ರಲ್ಲಿ ಬಂತು. ಆರ್ಟಿಸುನೇಟ್ ಪಡೆದವರಲ್ಲಿ ಸಾವು ಶೇ. 22.5ರಷ್ಟು ಕಡಿಮೆ ಇತ್ತು. ಅಲ್ಲಿಂದ ಚಿಕಿತ್ಸೆಯೇ ಬದಲಾಯಿತು ಅಂತ ಡಾಕ್ಟರ್ ಹೇಳಿದರು.

ಇಲ್ಲಿ ನಾನೊಂದು ಜಗಳ ಮಾಡಿದೆ. ನಮ್ಮ ಕಡೆ ಮಗು ಸುಸ್ತಾದರೆ ನಾವು ಮೊದಲು ಕೇಳುವುದೇ "ಒಂದು ಬಾಟಲ್ ಗ್ಲೂಕೋಸ್ ಹಾಕಿ ಡಾಕ್ಟ್ರೇ" ಅಂತ ಅಲ್ವಾ? ಕೈಕಾಲು ತಣ್ಣಗಿದೆ, ಸಲೈನ್ ಯಾಕೆ ಬೇಗ ಬೇಗ ಬಿಡುತ್ತಿಲ್ಲ ಅಂತ ಅಳುತ್ತಾ ಕೂಗಾಡಿದೆ. ಡಾಕ್ಟರ್ ಬೇಸರ ಮಾಡಿಕೊಳ್ಳಲಿಲ್ಲ. ಸಕ್ಕರೆಗೆ ಬೇಕಾದಷ್ಟು ಕೊಟ್ಟಾಗಿದೆ, ಇನ್ನು ನಿಧಾನವಾಗಿಯೇ ಹೋಗಬೇಕು ಅಂದರು. ಉಗಾಂಡ, ಕೆನ್ಯಾ, ತಾಂಜಾನಿಯಾದಲ್ಲಿ ಹೀಗೆ ಜೋರು ಜ್ವರದಿಂದ ಬಂದ 3,141 ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. 2011ರಲ್ಲಿ ಫಲಿತಾಂಶ ಬಂತು. ವೇಗವಾಗಿ ದ್ರವ ಏರಿಸಿದ ಮಕ್ಕಳಲ್ಲೇ ಸಾವು ಜಾಸ್ತಿ ಇತ್ತು. ಹಾಗಾಗಿ ದಯವಿಟ್ಟು, ನನ್ನ ಹಾಗೆ ಡ್ರಿಪ್‌ಗಾಗಿ ಡಾಕ್ಟರ್ ಮೇಲೆ ಒತ್ತಡ ಹಾಕಬೇಡಿ.

ವಾರ್ಡಿನಲ್ಲಿ ಮಂಚ ಮತ್ತು ರೆಕ್ಸಿನ್ ಹಾಸಿಗೆ ಮಾತ್ರ ಕೊಡುತ್ತಾರೆ. ಹಾಸುವ ಬಟ್ಟೆ, ಹೊದಿಕೆ, ಬೇಸಿನ್, ನೀರು ತರುವ ಕ್ಯಾನ್, ತಟ್ಟೆ ಲೋಟ ಎಲ್ಲಾ ನಾವೇ ತರಬೇಕು. ಅಡುಗೆಯೂ ನಮ್ಮದೇ. ಹಿಂದಿನ ಅಂಗಳದಲ್ಲಿ ಇದ್ದಿಲ ಒಲೆಗಳ ಸಾಲು. ನಾವು ಬರಿಗೈಯಲ್ಲಿ ಹೋಗಿದ್ದೆವು. ಪಕ್ಕದ ಮಂಚದ ಅಜ್ಜಿಯೊಬ್ಬರು ತಮ್ಮ ಎರಡು ಕಿಟೆಂಗೆ ಬಟ್ಟೆಯಲ್ಲಿ ಒಂದನ್ನು ಏನೂ ಹೇಳದೆ ನನ್ನ ಮಗಳಿಗೆ ಹೊದಿಸಿದರು. ಅವರ ಮೊಮ್ಮಗ ಮೂರು ವರ್ಷದವನು, ಹಿಮೋಗ್ಲೋಬಿನ್ 3.8. ಅಂಗೈ ಕಾಗದದಷ್ಟು ಬಿಳಿ. ಅವನಿಗೆ ಬೇಕಾದ ಗುಂಪಿನ ರಕ್ತ ಆ ರಾತ್ರಿ ಇರಲಿಲ್ಲ. ಬೆಳಿಗ್ಗೆ 6 ಗಂಟೆಗೆ ತಣ್ಣನೆ ಪೆಟ್ಟಿಗೆಯಲ್ಲಿ ಬಂತು. ರಕ್ತ ಇಳಿಯುತ್ತಾ ಹೋದ ಹಾಗೆ ಅವನ ತುಟಿಗೆ ಬಣ್ಣ ಬಂದದ್ದನ್ನು ನಾವಿಬ್ಬರೂ ಕೂತು ನೋಡಿದೆವು. ನನ್ನ ಮಗಳಿಗೆ ರಕ್ತ ಬೇಡ, ಆರು ಗಂಟೆಗೊಮ್ಮೆ ಪರೀಕ್ಷಿಸಿ ಕಾಯೋಣ ಅಂದರು. ಆ ಕಾಯುವಿಕೆ ಕಷ್ಟ, ಆದರೆ ಆ ಮಗುವಿಗಿಂತ ಮೊದಲು ನನ್ನ ಮಗುವಿಗೆ ಕೊಡಿ ಅಂತ ಕೇಳಲು ಬಾಯಿ ಬರಲಿಲ್ಲ.

ದಾರಿಯಲ್ಲಿ ಬೋಡಾದ ಮೇಲೆ ಕಂಡ ಮಗು ಬುಧವಾರ ಮಧ್ಯಾಹ್ನ ಹೋಗಿಬಿಟ್ಟಿತು. ಆ ತಂದೆ ಪ್ಲಾಸ್ಟಿಕ್ ಹಾಳೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ವರಾಂಡದಲ್ಲಿ ನಿಂತಿದ್ದರು. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನೂರಕ್ಕೆ 95 ಸಾವು ಆಫ್ರಿಕಾದಲ್ಲಿ, ಅದರಲ್ಲಿ ಮುಕ್ಕಾಲು ಪಾಲು ಐದು ವರ್ಷದೊಳಗಿನ ಮಕ್ಕಳು. ಈ ಅಂಕಿಯನ್ನು ನಾನು ಮೊದಲೂ ಓದಿರಬಹುದು. ಈಗ ಅದನ್ನು ಓದಿದರೆ ಆ ಮಡಚಿದ ಹಾಳೆ ಕಣ್ಣಿಗೆ ಬರುತ್ತದೆ.

ಗುರುವಾರ ಬೆಳಿಗ್ಗೆ ಮಗಳು ಕಣ್ಣು ಬಿಟ್ಟು "ಅಮ್ಮಾ, ಬಾನೆಹಣ್ಣು" ಅಂದಳು. ನಾನು ಅಳುತ್ತಾ ಓಡಿದ್ದು ಗೇಟಿನ ಹೊರಗೆ ಬಾಳೆಹಣ್ಣು ಮಾರುವವಳ ಹತ್ತಿರ. ಬಾಯಲ್ಲಿ ತಿನ್ನಲು ಶುರು ಮಾಡಿದ ಮೇಲೆ, ಇಂಜೆಕ್ಷನ್ ನಿಲ್ಲಿಸಿ ಮತ್ತೆ ಪೂರ್ತಿ ಮೂರು ದಿನದ ಕೋಆರ್ಟೆಮ್ ಕೊಟ್ಟರು. ಇಂಜೆಕ್ಷನ್‌ನಲ್ಲೇ ವಾಸಿಯಾಯಿತಲ್ಲ ಅಂತ ಈ ಮಾತ್ರೆ ಬಿಡಬಾರದು. ಶನಿವಾರ ಮನೆಗೆ ಬಂದೆವು. ಒಟ್ಟು ಬಿಲ್ 3,46,000 ಶಿಲ್ಲಿಂಗ್, ಸುಮಾರು 8,200 ರೂಪಾಯಿ. ನಮ್ಮ ಮನೆಗೆ ಬರುವ ಆಕೆಯ ತಿಂಗಳ ಸಂಬಳ ಅದಕ್ಕಿಂತ ಕಡಿಮೆ. ಕಂಪನಿಯ ವಿಮೆಯವರು ಹಣ ಕೊಡಲು ಡಿಸ್ಚಾರ್ಜ್ ಚೀಟಿ, ಲ್ಯಾಬ್ ವರದಿ, ರಸೀದಿ ಮೂರರ ಮೇಲೂ ಸೀಲ್ ಬೇಕು ಅಂದರು. ಲ್ಯಾಬ್ ವರದಿ ಮೇಲೆ ಸೀಲ್ ಇರಲಿಲ್ಲ, ಅದಕ್ಕೆ ಮತ್ತೆ 46 ಕಿ.ಮೀ. ಹೋಗಿ ಬಂದೆವು. ಹೊರಡುವ ಮೊದಲೇ ನೋಡಿಕೊಳ್ಳಿ.

ಮನೆಗೆ ಬಂದ ಮೇಲೂ ಎರಡು ವಿಷಯಕ್ಕೆ ಹೆದರಿದೆವು. ಎರಡು ವಾರದ ನಂತರ ಸ್ವಲ್ಪ ಮೈ ಬಿಸಿಯಾಯಿತು. ಈ ಸಲ ಒಂದು ಗಂಟೆಯೂ ಕಾಯದೆ ಓಡಿದೆ. ಪಟ್ಟಿಯ ಮೇಲೆ ಮತ್ತೆ ಎರಡು ಗೆರೆ! ನನಗೆ ಕೈಕಾಲು ಬಿದ್ದುಹೋಯಿತು. ಆದರೆ ಮಲೇರಿಯಾ ವಾಸಿಯಾದ ಮೇಲೂ ಈ ಪಟ್ಟಿ ಕೆಲವು ವಾರ ಪಾಸಿಟಿವ್ ತೋರಿಸುತ್ತದಂತೆ, ಸತ್ತ ಪರೋಪಜೀವಿಯ ಅಂಶ ರಕ್ತದಲ್ಲಿ ಉಳಿದಿರುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಏನೂ ಇರಲಿಲ್ಲ. ನೆಗಡಿಯ ಜ್ವರ. ಆದ್ದರಿಂದ ಚಿಕಿತ್ಸೆಯಾದ ಒಂದು ತಿಂಗಳೊಳಗೆ ಮತ್ತೆ ಜ್ವರ ಬಂದರೆ ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ ಕೇಳಿ. ಎರಡನೆಯದು, ಆರ್ಟಿಸುನೇಟ್ ಇಂಜೆಕ್ಷನ್ ಆದ ಒಂದರಿಂದ ನಾಲ್ಕು ವಾರದಲ್ಲಿ ಕೆಲವರಿಗೆ ರಕ್ತಕಣ ಒಡೆದು ಮತ್ತೆ ರಕ್ತ ಕಡಿಮೆಯಾಗಬಹುದು. ಅದಕ್ಕೇ ಹಿಮೋಗ್ಲೋಬಿನ್ ಮತ್ತೆ ಮತ್ತೆ ನೋಡಬೇಕು. ಮಗು ಆಡುತ್ತಿದೆ ಅಂತ ಇದನ್ನು ತಪ್ಪಿಸಬೇಡಿ.

ಎಲ್ಲಿ ಕಚ್ಚಿತು ಅಂತ ದಿನ ಎಣಿಸಿದೆ. ಜ್ವರಕ್ಕೆ 11 ದಿನ ಮೊದಲು ಒಬ್ಬರ ಬೀಳ್ಕೊಡುಗೆ ಊಟ ಇತ್ತು, ಅಂಗಳದಲ್ಲಿ, ರಾತ್ರಿ ಹತ್ತೂವರೆವರೆಗೆ. ಮಗಳು ಚಾಪೆ ಮೇಲೆ ಬರಿಗಾಲಲ್ಲಿ ನಿದ್ದೆ ಹೋಗಿದ್ದಳು. ಖಚಿತವಾಗಿ ಅದೇ ಅಂತ ಹೇಳಲಾರೆ. ಯಾಕೆಂದರೆ ಮನೆಯಲ್ಲೂ ತಪ್ಪಿತ್ತು. ಬೆಂಗಳೂರಿನಿಂದ ತಂದ, ಕೊಡೆಯ ಹಾಗೆ ಬಿಚ್ಚುವ ಮಕ್ಕಳ ಪರದೆ ಬಳಸುತ್ತಿದ್ದೆವು. ನೋಡಲು ಚಂದ. ಆದರೆ ಅದಕ್ಕೆ ಕೀಟನಾಶಕ ಹಾಕಿರಲಿಲ್ಲ, ಜಿಪ್ ಹತ್ತಿರ ಹರಿದಿತ್ತು. ಇಲ್ಲಿ ಸರ್ಕಾರ ಹಂಚುವ ಪರದೆಯ ನೂಲಿನಲ್ಲೇ ಕೀಟನಾಶಕ ಇರುತ್ತದೆ, ತಾಗಿದ ಸೊಳ್ಳೆ ಸಾಯುತ್ತದೆ. ಈಗ ಅದನ್ನೇ ಕಟ್ಟಿ, ಹಾಸಿಗೆಯ ಕೆಳಗೆ ನಾಲ್ಕೂ ಕಡೆ ಸಿಕ್ಕಿಸುತ್ತೇವೆ. ಅದನ್ನು ತೊಳೆದರೆ ನೆರಳಲ್ಲಿ ಒಣಗಿಸಬೇಕು, ಬಿಸಿಲು ಕೀಟನಾಶಕವನ್ನು ಹಾಳು ಮಾಡುತ್ತದೆ. ಮಲೇರಿಯಾ ಸೊಳ್ಳೆ ಕಚ್ಚುವುದು ಮುಖ್ಯವಾಗಿ ರಾತ್ರಿ. ಸಂಜೆಯಾದರೆ ಮಗಳಿಗೆ ಉದ್ದ ಪ್ಯಾಂಟು, ಕಾಲುಚೀಲ.

ತಡೆಯುವ ಮಾತ್ರೆಯ ಬಗ್ಗೆ ತುಂಬಾ ಜನ ಕೇಳುತ್ತಾರೆ. ಬಂದ ಹೊಸದರಲ್ಲಿ ನಾವೂ ತೆಗೆದುಕೊಂಡೆವು, ಮೂರು ತಿಂಗಳಿಗೆ ಬಿಟ್ಟೆವು, ವರ್ಷಗಟ್ಟಲೆ ಇರುವವರು ಯಾರೂ ತಿನ್ನಲ್ಲ ಅಂತ ಅಕ್ಕಪಕ್ಕದವರು ಹೇಳಿದರು ಅಂತ. ಡಾಕ್ಟರನ್ನು ಕೇಳದೆ ಬಿಟ್ಟದ್ದು ತಪ್ಪು. ಒಂದೆರಡು ತಿಂಗಳಿಗೆ ಬರುವ ಅಜ್ಜ ಅಜ್ಜಿ, ರಜೆಗೆ ಬರುವ ಮಕ್ಕಳು ಇದನ್ನು ತೆಗೆದುಕೊಂಡೇ ಬರಬೇಕು, ಹಿಂತಿರುಗಿದ ಮೇಲೂ ಹೇಳಿದಷ್ಟು ದಿನ ಮುಂದುವರಿಸಬೇಕು. ಇನ್ನೊಂದು ಮಾತು. ಊರಿಗೆ ಬಂದ ಮೇಲೆ ಕೆಲವು ತಿಂಗಳೊಳಗೆ ಜ್ವರ ಬಂದರೆ, ಮಂಡ್ಯವೇ ಇರಲಿ, ಬೆಂಗಳೂರೇ ಇರಲಿ, ಡಾಕ್ಟರಿಗೆ ಮೊದಲ ಮಾತೇ "ಆಫ್ರಿಕಾದಿಂದ ಬಂದಿದ್ದೇವೆ" ಅನ್ನುವುದಾಗಿರಲಿ. ವೈರಲ್ ಅಂತ ಮೂರು ದಿನ ಕಳೆಯಲು ಬಿಡಬೇಡಿ.

ಲಸಿಕೆಯೂ ಬಂದಿದೆ. ಆರ್21 ಅಂತ ಹೆಸರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಕಂಡುಹಿಡಿದದ್ದು, ತಯಾರಾಗುವುದು ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಉಗಾಂಡದಲ್ಲಿ 2025ರ ಏಪ್ರಿಲ್‌ನಲ್ಲಿ ಶುರುವಾಯಿತು. ಇಲ್ಲಿ 6, 7, 8 ಮತ್ತು 18ನೇ ತಿಂಗಳಲ್ಲಿ ಕೊಡುತ್ತಾರೆ, ಸರ್ಕಾರಿ ಕೇಂದ್ರದಲ್ಲಿ ದುಡ್ಡಿಲ್ಲ. ನನ್ನ ಮಗಳಿಗೆ ವಯಸ್ಸು ದಾಟಿದೆ. ಪೂರ್ತಿ ತಡೆಯುವುದಿಲ್ಲ, ಪರದೆ ಬಿಡುವ ಹಾಗಿಲ್ಲ. ಆದರೂ ಕೈಗೂಸು ಇರುವವರು ಒಂದು ದಿನವೂ ತಡ ಮಾಡಬೇಡಿ.

ನಮ್ಮ ಮನೆಗೆ ಬರುವ ಆಕೆಯ ಕೊನೆಯ ಮಗುವಿಗೆ ಈಗ 8 ತಿಂಗಳು. ನಾಳೆ ಅವನಿಗೆ ಮೂರನೇ ಡೋಸ್. ಹಿಂದಿನ ಸಲ ಅವಳು ಬೆನ್ನಿಗೆ ಮಗುವನ್ನು ಕಟ್ಟಿಕೊಂಡು 4 ಕಿ.ಮೀ. ನಡೆದು ಹೋಗಿದ್ದಳು. ನಾಳೆ ಬೆಳಿಗ್ಗೆ 7ಕ್ಕೆ ನಮ್ಮ ಕಾರಿನಲ್ಲಿ ಹೋಗುತ್ತೇವೆ. ಅವನ ಕಾರ್ಡನ್ನು, ಹೊಸ ನೋಟ್ ಪುಸ್ತಕವನ್ನು ಮತ್ತು ಆ ರಾತ್ರಿ ಪಾಳಿಯ ನರ್ಸಮ್ಮನಿಗೆ ಕೊಡಲು ಒಂದು ದೊಡ್ಡ ಚಾರ್ಜಿಂಗ್ ಟಾರ್ಚನ್ನು ಬಾಗಿಲ ಹತ್ತಿರವೇ ಚೀಲದಲ್ಲಿ ಇಟ್ಟಿದ್ದೇನೆ.